ತಂತಿಯಲ್ಲಿ 94, ಗಾಳಿಯಲ್ಲಿ 280: ನಮ್ಮ ಉಪ್ಪರಿಗೆಯ ಇಂಟರ್‌ನೆಟ್‌ಗೆ ಏನಾಗಿದೆ?

ನೀರ್ಚಾಲಿನವ | ಶನಿವಾರ ಬೆಳಿಗ್ಗೆ 9.20

ನೆಟ್‌ವರ್ಕ್ ಬಲ್ಲವರು ಯಾರಾದರೂ ಇದ್ದರೆ ಈ ಒಗಟನ್ನು ಬಿಡಿಸಿಕೊಡಿ.

ಬೆಂಗಳೂರಿನ ಕಚೇರಿಯ ಕೆಲಸವನ್ನು ಕಾಸರಗೋಡಿನ ನೀರ್ಚಾಲಿನ ಮನೆಯಲ್ಲಿ ಕುಳಿತು ಮಾಡುವವನು ನಾನು. ಕಳೆದ ತಿಂಗಳು 100 ಎಂಬಿಪಿಎಸ್ ಪ್ಲ್ಯಾನ್‌ನಿಂದ 300ಕ್ಕೆ ಏರಿದೆ. ಕೇಬಲ್‌ನವರು ಬಂದು ಹಳೆಯ ಮೋಡೆಮ್ ಕಿತ್ತು, ನಾಲ್ಕು ಕೊಂಬಿನ ಹೊಸದೊಂದನ್ನು ಚಾವಡಿಯಲ್ಲಿ ಕೂರಿಸಿ ಹೋದರು. ನನ್ನ ಮೇಜು ಇರುವುದು ಉಪ್ಪರಿಗೆಯಲ್ಲಿ, ಹೆಚ್ಚುಕಡಿಮೆ ಮೋಡೆಮ್‌ನ ನೆತ್ತಿಯ ಮೇಲೆ. ನಡುವೆ ಹಲಸಿನ ಹಲಗೆಯ ಮುಚ್ಚಿಗೆ ಮಾತ್ರ. ಆರು ವರ್ಷದ ಹಿಂದೆ ಉಪ್ಪರಿಗೆಯ ರಿಪೇರಿ ಮಾಡಿಸುವಾಗಲೇ ಕೆಳಗಿನಿಂದ ಮೇಲಕ್ಕೆ ಪೈಪಿನೊಳಗೆ ಲ್ಯಾನ್ ಕೇಬಲ್ ಹಾಕಿಸಿದ್ದೆ.

ಈಗ ನೋಡಿ: ಅದೇ ಲ್ಯಾಪ್‌ಟಾಪ್, ಅದೇ ಮೇಜು. ವೈಫೈಯಲ್ಲಿ ಅಳೆದರೆ 280. ವೈಫೈ ಆರಿಸಿ, ಕೇಬಲ್ ಸಿಕ್ಕಿಸಿ ಅಳೆದರೆ 94. ಬೆಳಿಗ್ಗೆ 94, ರಾತ್ರಿ 94, ಮಳೆಗೂ 94, ಬಿಸಿಲಿಗೂ 94. ತಂತಿಯ ಮುಂದೆ ವೈಫೈ ಯಾವ ಲೆಕ್ಕ ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದವನಿಗೆ ಈ ಗತಿ.

ವೈಫೈಯಲ್ಲೇ ಇರಬಾರದೇ ಎಂದು ಕೇಳಬೇಡಿ. ಅದರಲ್ಲಿ ವೇಗವಿದೆ, ಸ್ಥಿರತೆಯಿಲ್ಲ. ಮೀಟಿಂಗ್‌ನ ನಡುವೆ ಧ್ವನಿ ತುಂಡಾಗಿ, ತಾಳಮದ್ದಳೆಯಲ್ಲಿ ಅರ್ಥ ಮರೆತವನ ಹಾಗೆ ಆಗುತ್ತೇನೆ.

ಅಡಿಕೆ ಸೋಗೆ | 9.31

ವೈಫೈಯಲ್ಲೇ ಇರಬಾರದೇ?

ಮುಳ್ಳೇರಿಯ ಮಾಷ್ಟ್ರು | 9.40

ಕೇಬಲ್‌ನವರು 300 ಎಂದು ಹೇಳಿ 100 ಕೊಡುತ್ತಿದ್ದಾರೆ, ಅಷ್ಟೇ. ನಮ್ಮಲ್ಲಿಯೂ ಹೀಗೆಯೇ ಆಗಿತ್ತು. ಜೋರು ಮಾಡಿ ಕೇಳಿ.

ಕಡಲ ಕುಂಬಳೆ | 9.52

ಮಾಷ್ಟ್ರೇ, ಕೇಬಲ್‌ನವರು 100 ಮಾತ್ರ ಕೊಡುತ್ತಿದ್ದರೆ ವೈಫೈಯಲ್ಲಿ 280 ಎಲ್ಲಿಂದ ಬಂತು? ಬಾವಿಯಲ್ಲಿ ನೀರಿದೆ, ಒಂದು ನಳ್ಳಿಯಲ್ಲಿ ಧಾರಾಳ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ ಎಂದರೆ ತಪ್ಪು ಬಾವಿಯದ್ದಲ್ಲ. ಫೈಬರ್ ಸರಿ ಇದೆ, ಪ್ಲ್ಯಾನ್ ಸರಿ ಇದೆ. ಕೆಟ್ಟಿರುವುದು ಮೋಡೆಮ್‌ನ ಪೋರ್ಟಿನಿಂದ ಲ್ಯಾಪ್‌ಟಾಪ್‌ನವರೆಗಿನ ದಾರಿ.

ನೀರ್ಚಾಲಿನವರೇ, ನೀವು 94 ಎಂದು ಬರೆದ ಕೂಡಲೇ ಅರ್ಧ ರೋಗ ಗೊತ್ತಾಯಿತು. 60, 130, 87 ಎಂದು ಏರಿಳಿದಿದ್ದರೆ ಹುಡುಕಾಟ ಕಷ್ಟವಾಗುತ್ತಿತ್ತು. ಅಲುಗಾಡದ 94 ಎಂದರೆ ಆ ತಂತಿ 100ರ ಲಿಂಕಿಗೆ, ಅಂದರೆ ಎರಡು ತುದಿಯ ಯಂತ್ರಗಳು ಒಪ್ಪಿಕೊಂಡ 100ರ ವೇಗಕ್ಕೆ, ಇಳಿದಿದೆ ಎಂದು ಲೆಕ್ಕ. ಉಳಿದ ಆರು ಎಲ್ಲಿ ಹೋಯಿತು ಎಂದರೆ, ಒಂದೊಂದು ಪ್ಯಾಕೆಟ್, ಅಂದರೆ ಮಾಹಿತಿಯ ಕಟ್ಟು, ತಂತಿಯ ಮೇಲೆ 1538 ಬೈಟ್‌ಗಳಷ್ಟು ಜಾಗ ಹಿಡಿದರೂ ಅದರಲ್ಲಿ ನಿಮ್ಮ ಮಾಲು ಸುಮಾರು 1450 ಬೈಟ್ ಮಾತ್ರ. ಮಿಕ್ಕಿದ್ದು ವಿಳಾಸ, ಲಕೋಟೆ, ಅಂಚೆಚೀಟಿ.

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ತೆರೆಯಿರಿ. ಲಿಂಕ್ ಸ್ಪೀಡ್ ಎಷ್ಟು ಎಂದು ಇದೆ? 1000ವೋ 100ವೋ?

ನೀರ್ಚಾಲಿನವ | 10.05

100/100 ಎಂದಿದೆ. ಇಷ್ಟು ವರ್ಷ ಆ ಪುಟವನ್ನು ತೆರೆದೇ ಇರಲಿಲ್ಲ.

ಕಡಲ ಕುಂಬಳೆ | 10.11

ಪ್ಲ್ಯಾನ್ 100 ಇದ್ದಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. 94 ಬಂದರೆ ಸರಿಯಾಗಿಯೇ ಬಂತು ಎಂದುಕೊಂಡಿರಿ. ರೋಗ ಆರು ವರ್ಷ ಹಳೆಯದಿರಬಹುದು.

ಸಂಶಯಿಸಬೇಕಾದವರು ಮೂವರೇ: ಲ್ಯಾಪ್‌ಟಾಪ್‌ನ ಪೋರ್ಟ್, ಮೋಡೆಮ್‌ನ ಪೋರ್ಟ್, ನಡುವಿನ ಕೇಬಲ್. ಲ್ಯಾಪ್‌ಟಾಪನ್ನು ಕೆಳಗೆ ಕೊಂಡೊಯ್ದು, ಮೋಡೆಮ್‌ನ ಪೆಟ್ಟಿಗೆಯಲ್ಲಿ ಬಂದ ಗಿಡ್ಡ ಕೇಬಲಿನಲ್ಲಿ ಜೋಡಿಸಿ ನೋಡಿ. ಎಲ್ಲ ಪೋರ್ಟುಗಳಲ್ಲೂ ನೋಡಿ.

ವರ್ಕಾಡಿ ಹುಡುಗ | 10.14

ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇದೆಯೇ ಅಥವಾ ಯುಎಸ್‌ಬಿಗೆ ಸಿಕ್ಕಿಸುವ ಪರಿವರ್ತಕವೇ? ನಾನು ಮಂಗಳೂರಿನಿಂದ ಅಗ್ಗದ್ದೊಂದನ್ನು ತಂದು ಮೂರು ತಿಂಗಳು ಕೇಬಲ್‌ನವರ ಜೊತೆ ಜಗಳವಾಡಿದೆ. ಕೊನೆಗೆ ನೋಡಿದರೆ ಆ ಡಬ್ಬಿಯೇ 100ರದ್ದು. ಗಿಗಾಬಿಟ್ (ಅಂದರೆ 1000) ಎಂದು ಬರೆದದ್ದನ್ನು ತಂದರೂ ಹಳೆಯ ಯುಎಸ್‌ಬಿ 2 ಪೋರ್ಟಿಗೆ ಹಾಕಿದರೆ 480ರ ಮೇಲೆ ದಾರಿಯಿಲ್ಲ, ಕೈಗೆ ಸಿಗುವುದು ಇನ್ನೂ ಕಡಿಮೆ. ಕೇಬಲ್‌ನ ಹುಡುಗ ಈಗಲೂ ನನ್ನನ್ನು ಕಂಡರೆ ರಸ್ತೆಯ ಆಚೆಬದಿಗೆ ಹೋಗುತ್ತಾನೆ.

ಪೆರ್ಲದ ಅಕ್ಕ | 10.20

ಜಗಳವಾಡುವುದಕ್ಕೂ ಭಾಷೆ ಬೇಕಲ್ಲ ತಮ್ಮ. ನಮ್ಮ ಕಂಪೆನಿಯ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡಕ್ಕೆ ಇಷ್ಟನ್ನು ಒತ್ತಿ ಎನ್ನುತ್ತದೆ. ಒತ್ತಿದರೆ ಮಾತಾಡುವವರು ಮಲಯಾಳದವರು. ಮಲಯಾಳ ನನಗೆ ಬರುತ್ತದೆ, ಅದು ಬೇರೆ ಮಾತು. ಒತ್ತಿದ್ದಕ್ಕೆ ಬೆಲೆ ಬೇಡವೇ?

ಅಡಿಕೆ ಸೋಗೆ | 10.24

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಒತ್ತುತ್ತಲೇ ಇದ್ದೇವೆ ಅಕ್ಕ.

ಮುಳ್ಳೇರಿಯ ಮಾಷ್ಟ್ರು | 10.33

ಗಡಿ ವಿವಾದದ ಮಹಾಜನ ಆಯೋಗ 1967ರಲ್ಲೇ ಸ್ಪಷ್ಟವಾಗಿ ಹೇಳಿತ್ತು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು. ಆ ವರದಿಯನ್ನು ಜಾರಿಗೆ ತಂದಿದ್ದರೆ

ನಿರ್ವಾಹಕ | 10.35

ಮಾಷ್ಟ್ರೇ, ಕ್ಷಮಿಸಿ, ಅರ್ಧದಲ್ಲೇ ತಡೆಯುತ್ತಿದ್ದೇನೆ. ಆ ವಿಷಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ 400ಕ್ಕೂ ಹೆಚ್ಚು ಉತ್ತರಗಳಿವೆ. ಇಲ್ಲಿ ಯಾರೂ ಚಂದ್ರಗಿರಿ ದಾಟಬೇಡಿ.

ನೀರ್ಚಾಲಿನವ | 11.10

ಲ್ಯಾಪ್‌ಟಾಪ್‌ನಲ್ಲೇ ಪೋರ್ಟ್ ಇದೆ. ಕೆಳಗೆ ಹೋಗಿ ಗಿಡ್ಡ ಕೇಬಲಿನಲ್ಲಿ ನೋಡಿ ಬಂದೆ. ಮೋಡೆಮ್‌ನಲ್ಲಿ ನಾಲ್ಕು ಪೋರ್ಟುಗಳಿವೆ. ಒಂದನೆಯದರಲ್ಲಿ ಲಿಂಕ್ 1000, ಅಳತೆ 291! ಎರಡು, ಮೂರು, ನಾಲ್ಕರಲ್ಲಿ 100, ಅಳತೆ 94. ಉಪ್ಪರಿಗೆಗೆ ಹೋಗುವ ಕೇಬಲ್ ಇದ್ದದ್ದು ಮೂರನೆಯದರಲ್ಲಿ.

ಕಡಲ ಕುಂಬಳೆ | 11.14

ಅಲ್ಲಿಗೆ ಮುಗಿಯಿತು! ಅನೇಕ ಮೋಡೆಮ್‌ಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು ಲೆಕ್ಕ ಭರ್ತಿಗೆ. ಕೆಲವುಗಳಲ್ಲಿ ಜಿಇ, ಎಫ್‌ಇ ಎಂದು ಅಚ್ಚು ಹಾಕಿರುತ್ತಾರೆ, ಕೆಲವುಗಳಲ್ಲಿ ಬಣ್ಣ ಬೇರೆ, ಕೆಲವುಗಳಲ್ಲಿ ಏನೂ ಇಲ್ಲ. ಜಿಇ ಎಂದರೆ 1000, ಎಫ್‌ಇ ಎಂದರೆ 100. ಒಂದನೆಯದಕ್ಕೆ ಹಾಕಿ, ಊಟ ಮಾಡಿ, ಮಲಗಿ.

ಅಡಿಕೆ ಸೋಗೆ | 11.15

ಎರಡು ಗಂಟೆಯೊಳಗೆ ಬಗೆಹರಿದ ಚರ್ಚೆ ಈ ವೇದಿಕೆಯ ಇತಿಹಾಸದಲ್ಲಿಯೇ ಇಲ್ಲ. ಇದರಲ್ಲಿ ಏನೋ ಮೋಸವಿದೆ.

ನೀರ್ಚಾಲಿನವ | 11.31

ಸೋಗೆಯ ಬಾಯಿಗೆ ಏನು ಹಾಕಬೇಕೋ ತಿಳಿಯದು. ಉಪ್ಪರಿಗೆಯ ಕೇಬಲನ್ನು ಒಂದನೆಯದಕ್ಕೆ ಹಾಕಿದೆ. 94.

ಹೊಸಂಗಡಿ ಗೇಟು | 11.40

ನಡುವೆ ನುಗ್ಗಿದ್ದಕ್ಕೆ ಬೈಯಬೇಡಿ. ನನ್ನದು ನಿಮಗಿಂತ ಕೀಳು. ತಂತಿಯಲ್ಲಿ 8, ವೈಫೈಯಲ್ಲಿ 90. ಲಿಂಕ್ 100 ಎಂದೇ ತೋರಿಸುತ್ತದೆ. ಹಿಂದೊಮ್ಮೆ ವೀಡಿಯೊ ನೋಡಿ ಏನೋ ಒಂದಷ್ಟು ಬದಲಾಯಿಸಿದ್ದೆ.

ಕಡಲ ಕುಂಬಳೆ | 11.46

ಆ ಏನೋ ಒಂದಷ್ಟರಲ್ಲಿಯೇ ಇದೆ. ಅಡಾಪ್ಟರ್‌ನ ಗುಣಲಕ್ಷಣಗಳಲ್ಲಿ ಸ್ಪೀಡ್ ಮತ್ತು ಡ್ಯೂಪ್ಲೆಕ್ಸ್ ಎಂದು ಒಂದು ಸಾಲು ಇರುತ್ತದೆ. ಅದನ್ನು ಕೈಯಾರೆ 100 ಫುಲ್ ಎಂದು ಕಟ್ಟಿಹಾಕಿದ್ದೀರಾ? ಹಾಗೆ ಮಾಡಿದರೆ ಆಚೆಯ ಮೋಡೆಮ್‌ಗೆ ಒಪ್ಪಂದದ ಉತ್ತರ ಸಿಗದೆ ಅದು ಹಾಫ್ ಎಂದು ತೀರ್ಮಾನಿಸುತ್ತದೆ. ಒಬ್ಬ ಒಟ್ಟಿಗೇ ಮಾತಾಡುತ್ತಾ ಕೇಳುತ್ತಾನೆ, ಇನ್ನೊಬ್ಬ ಸರದಿಗೆ ಕಾಯುತ್ತಾನೆ. ಡಿಕ್ಕಿಯ ಮೇಲೆ ಡಿಕ್ಕಿ. ಆಟೋ ಎಂದು ಬಿಡಿ.

ಹೊಸಂಗಡಿ ಗೇಟು | 11.58

93! ಎರಡು ವರ್ಷ ಹೀಗೆಯೇ ಕಳೆದಿದ್ದೆ. ರೈಲ್ವೆ ಗೇಟು ತೆರೆದ ಹಾಗಾಯಿತು.

ಅಡಿಕೆ ಸೋಗೆ | 12.01

ಕೇಳಿದವನದ್ದು ಹಾಗೆಯೇ ಉಳಿಯಿತು, ದಾರಿಹೋಕನದ್ದು ಸರಿಯಾಯಿತು.

ಹಳೆಯ ಲೈನ್‌ಮನ್ | 12.20

ದೂರವಾಣಿ ಇಲಾಖೆಯಲ್ಲಿ ಕಂಬ ಹತ್ತಿ ಕೂದಲು ನರೆತವನು ನಾನು. ನಿಮ್ಮ ಗಿಗಾಬಿಟ್ ನನ್ನ ಕಾಲದ್ದಲ್ಲ, ಆದರೆ ತಂತಿ ತಂತಿಯೇ.

ಆ ಕೇಬಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡೇ ಜೋಡಿ ಸಾಕು, ಪ್ಲಗ್ಗಿನ 1, 2, 3, 6ನೆಯ ಪಿನ್ನುಗಳು. 1000ಕ್ಕೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಎಳೆ ತುಂಡಾದರೂ ಎರಡು ಬದಿಯ ಯಂತ್ರಗಳು ಒಪ್ಪಂದ ಮಾಡಿಕೊಂಡು 100ಕ್ಕೆ ಇಳಿಯುತ್ತವೆ. ಅದೂ ಬುದ್ಧಿಯಿರುವ ಯಂತ್ರಗಳು ಮಾತ್ರ. ಇಲ್ಲದವು ಲಿಂಕ್ ಬಂತು, ಹೋಯಿತು ಎಂದು ಕಣ್ಣು ಮಿಟುಕಿಸುತ್ತಾ ಕೂರುತ್ತವೆ. ನಿಮ್ಮ ಕೇಬಲಿನಲ್ಲಿ ಆ ನಾಲ್ಕರಲ್ಲಿ ಯಾವುದೋ ಬಿದ್ದಿದೆ. ಎರಡೂ ತುದಿಗಳನ್ನು ಬಿಚ್ಚಿ ನೋಡಿ. ಇಲಿ, ಅಳಿಲು ಕಡಿದಿರಬಹುದು, ಪ್ಲಗ್ಗಿನ ಪಿನ್ನು ಕ್ಲಾವು ಹಿಡಿದಿರಬಹುದು. ನಮ್ಮ ಮಳೆಗೆ ನಾಲ್ಕು ತಿಂಗಳಲ್ಲಿ ತಾಮ್ರ ಹಸಿರಾಗುತ್ತದೆ.

ಮುಳ್ಳೇರಿಯ ಮಾಷ್ಟ್ರು | 12.32

ಎರಡೂ ತುದಿಗೆ ಹೊಸ ಪ್ಲಗ್ ಹಾಕಿಸಿದರೆ ಆಯಿತು. ಬಣ್ಣದ ಕ್ರಮ ಯಾವುದಾದರೇನು, ಎರಡೂ ಕಡೆ ಒಂದೇ ಇದ್ದರೆ ಸಾಕು.

ಹಳೆಯ ಲೈನ್‌ಮನ್ | 12.41

ಸಾಲದು ಮಾಷ್ಟ್ರೇ! ಈ ಮಾತನ್ನು ಕೇಳಿ ಕೇಳಿ ಎಷ್ಟು ಕೇಬಲ್ ಹಾಳಾಗಿದೆಯೋ. ಜೋಡಿಯನ್ನು ಹೆಣೆದಿರುವುದು ಚಂದಕ್ಕಲ್ಲ. ಹೊರಗಿನ ಗದ್ದಲ ಎರಡೂ ಎಳೆಗಳಿಗೆ ಸಮನಾಗಿ ತಾಗಿ ಒಂದನ್ನೊಂದು ಕಳೆಯಲಿ ಎಂದು. 3 ಮತ್ತು 6ನೆಯ ಪಿನ್ನಿಗೆ ಒಂದೇ ಜೋಡಿಯ ಎಳೆಗಳು ಹೋಗಬೇಕು, ನಡುವೆ 4, 5ರಲ್ಲಿ ಇನ್ನೊಂದು ಜೋಡಿ ಕೂರಬೇಕು. ನೀವು ಹೇಳಿದಂತೆ ಬಣ್ಣ ಬಣ್ಣವಾಗಿ ಸಾಲಾಗಿ ಹಾಕಿದರೆ 3ಕ್ಕೆ ಒಂದು ಜೋಡಿಯ ಎಳೆ, 6ಕ್ಕೆ ಬೇರೆ ಜೋಡಿಯ ಎಳೆ. ಪರೀಕ್ಷೆಯ ಡಬ್ಬಿಯಲ್ಲಿ ಎಂಟು ದೀಪಗಳೂ ಉರಿಯುತ್ತವೆ, ಆದರೂ ಒಂದರ ಮಾತು ಇನ್ನೊಂದಕ್ಕೆ ಸೋರಿ ವೇಗ ಬಿದ್ದುಹೋಗುತ್ತದೆ.

ಬರೆದುಕೊಳ್ಳಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಾವು ಕೆಲಸಕ್ಕೆ ಸೇರಿದಾಗ ಟೆಲಿಫೋನ್ ಕೇಬಲಿಗೆ ನೀಲಿ, ಕಿತ್ತಳೆ, ಹಸಿರು, ಕಂದು, ಸ್ಲೇಟು ಎಂದು ಗಾಯತ್ರಿಯಂತೆ ಜಪಿಸಬೇಕಿತ್ತು.

ಮುಳ್ಳೇರಿಯ ಮಾಷ್ಟ್ರು | 12.50

ಒಪ್ಪಿದೆ. ನಮ್ಮ ಮನೆಯ ಕೇಬಲಿಗೆ ಪ್ಲಗ್ ಹಾಕಿದವನು ನಾನೇ. ಸಂಜೆ ಬಿಚ್ಚಿ ನೋಡುತ್ತೇನೆ.

ವರ್ಕಾಡಿ ಹುಡುಗ | 12.58

ಎಳೆ ತಾಮ್ರದ್ದೇ ಎಂದೂ ನೋಡಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಕೇಬಲ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಎರಡು ಸಲ ಬಗ್ಗಿಸಿದರೆ ತುಂಡು.

ಪೆರ್ಲದ ಅಕ್ಕ | 1.15

ನಮ್ಮಲ್ಲಿ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗಿಗೆ ಪ್ರತಿ ವರ್ಷ ಮೋಡೆಮ್‌ನ ಒಂದು ಪೋರ್ಟ್ ಸಾಯುತ್ತದೆ. ಫೈಬರ್ ಗಾಜು, ಅದಕ್ಕೆ ಸಿಡಿಲು ಹೊಡೆಯುವುದಿಲ್ಲ ಎಂದು ಹಾಕಿದವರು ಹೇಳಿದ್ದರು.

ಹಳೆಯ ಲೈನ್‌ಮನ್ | 1.22

ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಕೆಲವು ಫೈಬರ್ ಕೇಬಲಿನ ಜೊತೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಮೋಡೆಮ್‌ನ ಪ್ಲಗ್ ವಿದ್ಯುತ್ತಿನ ಲೈನಿನಲ್ಲಿರುತ್ತದೆ. ಅದಲ್ಲದೆ ನೀವು ಕೊಟ್ಟಿಗೆಗೋ ಹೊರಮನೆಗೋ ಅಂಗಳದ ಮೇಲಿನಿಂದ ಲ್ಯಾನ್ ಕೇಬಲ್ ಎಳೆದಿದ್ದರೆ ಅದು ಸಿಡಿಲಿಗೆ ಹಾಸಿದ ಚಾಪೆ. ಎಳೆದಿದ್ದೀರಲ್ಲ?

ಪೆರ್ಲದ ಅಕ್ಕ | 1.25

ಎಳೆದಿದ್ದೇವೆ.

ನೀರ್ಚಾಲಿನವ | ಸಂಜೆ 5.40

ಪತ್ತೆಯಾಯಿತು. ನಿಧಾನವಾಗಿ ಹೇಳುತ್ತೇನೆ, ಇನ್ನೂ ನಂಬಲು ಆಗುತ್ತಿಲ್ಲ.

ಕೆಳಗಿನ ಪ್ಲಗ್ ನೋಡಿದೆ. ಎಂಟು ಬಣ್ಣಗಳೂ ಲೈನ್‌ಮನ್ ಹೇಳಿದ ಕ್ರಮದಲ್ಲಿಯೇ ಇವೆ, ತಾಮ್ರವೂ ಅಸಲಿ. ಮೇಲೆ ಗೋಡೆಯ ಸಾಕೆಟ್ ಬಿಚ್ಚಿದೆ. ಕಿತ್ತಳೆಯ ಜೋಡಿ ಇದೆ, ಹಸಿರು ಇದೆ. ನೀಲಿ, ಕಂದು ಎರಡೂ ಜೋಡಿಗಳು ಸಾಕೆಟ್ಟಿಗೆ ಬಂದೇ ಇಲ್ಲ. ಇಲಿ ಕಡಿದದ್ದಲ್ಲ, ಯಾರೋ ನೀಟಾಗಿ ಬೇರ್ಪಡಿಸಿ ಬೇರೊಂದು ಬಿಳಿ ವಯರಿಗೆ ಹೆಣೆದು ಟೇಪು ಸುತ್ತಿದ್ದಾರೆ. ಆ ವಯರು ಕಿಟಕಿಯ ಚೌಕಟ್ಟಿನ ತೂತಿನಿಂದ ಹೊರಗೆ, ಅಂಗಳದ ಮೇಲೆ, ಅಡಿಕೆ ಸುಲಿಯುವ ಕೊಟ್ಟಿಗೆಗೆ.

ಅಟ್ಟ ಹತ್ತಿದೆ. ಅಡುಗೆಮನೆಯ ನೆತ್ತಿಯಲ್ಲಿ ಒಂದು ಜಂಕ್ಷನ್ ಡಬ್ಬಿ. ಅಲ್ಲಿಯೂ ನೀಲಿ, ಕಂದು ಮಾತ್ರ ಕತ್ತರಿಸಿದ್ದಾರೆ. ಮೇಲಕ್ಕೆ ಹೋಗುವ ತುಂಡಿಗೆ ಜೋಡಿಸಿದ ವಯರು ಕೆಳಗೆ ಒಲೆಯ ಪಕ್ಕದ ಸ್ವಿಚ್ಚಿಗೆ ಇಳಿದಿದೆ.

ಅದು ಅಮ್ಮನ ಕಾಲಿಂಗ್ ಬೆಲ್! ಕಾಫಿ ಆಯಿತು ಎಂದು ಅಮ್ಮ ಅಡುಗೆಮನೆಯಲ್ಲಿ ಒತ್ತಿದರೆ ಕೊಟ್ಟಿಗೆಯಲ್ಲಿ ಅಪ್ಪನಿಗೂ ಕೆಲಸದವರಿಗೂ ಕೇಳಿಸುವ ಬೆಲ್. ಅಪ್ಪನನ್ನು ಕೇಳಿದೆ. ವಯರಿಂಗ್‌ನವನು ಈ ಕೇಬಲಿನಲ್ಲಿ ಎಂಟು ಎಳೆ, ಕಂಪ್ಯೂಟರಿಗೆ ನಾಲ್ಕೇ ಸಾಕು ಎಂದನಂತೆ. "ನಾಲ್ಕು ಎಳೆ ಸುಮ್ಮನೆ ಬಿದ್ದಿರುವುದು ಯಾಕೆ ಎಂದು ನಾನೇ ಹಾಕಿಸಿದೆ. ಬೇರೆ ವಯರಿನ ಖರ್ಚು ಉಳಿಯಿತು" ಎಂದರು ಹೆಮ್ಮೆಯಿಂದ. ಆರು ವರ್ಷ ನನ್ನ ಗಿಗಾಬಿಟ್‌ನ ಅರ್ಧದಲ್ಲಿ ಕಾಫಿ ಹೋಗುತ್ತಿತ್ತು.

ಹಳೆಯ ಲೈನ್‌ಮನ್ | 5.44

ನಗುವ ಮೊದಲು ಒಂದು ಪ್ರಶ್ನೆ, ಕೂಡಲೇ ಉತ್ತರಿಸಿ. ಬೆಲ್ ಕರೆಂಟಿನದ್ದೋ ಬ್ಯಾಟರಿಯದ್ದೋ? 230 ವೋಲ್ಟ್ ಆದರೆ ಲ್ಯಾಪ್‌ಟಾಪ್ ಮುಟ್ಟಬೇಡಿ, ಮೇನ್ ಆರಿಸಿ.

ನೀರ್ಚಾಲಿನವ | 5.47

ಬ್ಯಾಟರಿ. ಒಲೆಯ ಮೇಲಿನ ಹಲಗೆಯಲ್ಲಿ ನಾಲ್ಕು ಟಾರ್ಚಿನ ಸೆಲ್ಲುಗಳ ಡಬ್ಬಿ ಇದೆ.

ಹಳೆಯ ಲೈನ್‌ಮನ್ | 5.55

ದೇವರು ದೊಡ್ಡವನು. ಈಗ ನಗುತ್ತೇನೆ.

ನಿಮ್ಮ ಅಪ್ಪನ ತಪ್ಪಿಲ್ಲ. 100ರ ಕಾಲದಲ್ಲಿ ಉಳಿದ ಎರಡು ಜೋಡಿಗೆ ಟೆಲಿಫೋನು ಕೊಟ್ಟವರು ನಾವೂ ಇದ್ದೇವೆ. ಆದರೆ ಅಂಗಳದ ಮೇಲಿನ ಆ ವಯರನ್ನು ಇವತ್ತೇ ಕೀಳಿ. ಹೊರಗೆ ಸಿಡಿಲಿನ ಏಟು ಬಿದ್ದರೆ ನೀಲಿ, ಕಂದಿನಲ್ಲಿ ಒಳಬಂದದ್ದು ಪಕ್ಕದ ಕಿತ್ತಳೆ, ಹಸಿರಿಗೂ ತಾಗುತ್ತದೆ. ಹಳೆಯ ಮೋಡೆಮ್‌ನ ಪೋರ್ಟ್ ಎಂದಾದರೂ ಸತ್ತಿತ್ತೇ?

ನೀರ್ಚಾಲಿನವ | 5.58

ಎರಡು ಸಲ. ಎರಡೂ ಸಲ ದೀಪಾವಳಿಯ ಆಸುಪಾಸು. ಎರಡೂ ಸಲ ಕೇಬಲ್‌ನವರಿಗೆ ಬೈದಿದ್ದೆ.

ಪೆರ್ಲದ ಅಕ್ಕ | 6.02

ನಮ್ಮ ಅಂಗಳದ ಕೇಬಲನ್ನು ಯಜಮಾನರು ಈಗಷ್ಟೇ ಸುತ್ತಿಟ್ಟರು.

ಕಡಲ ಕುಂಬಳೆ | 6.10

ಕತ್ತರಿಸಿದ ಎಳೆಗಳನ್ನು ಅಟ್ಟದಲ್ಲಿ ಹೆಣೆದು ಟೇಪು ಸುತ್ತಲು ಹೋಗಬೇಡಿ. ಜೋಡಿಯ ಹೆಣಿಗೆ ಬಿಚ್ಚಿದಲ್ಲೆಲ್ಲ ಸೋರಿಕೆ. ಪೈಪು ಇದೆಯಲ್ಲ, ಹಳೆಯ ಕೇಬಲಿನ ತುದಿಗೆ ಹೊಸ ಕ್ಯಾಟ್ 6 ದರ್ಜೆಯ ಕೇಬಲ್ ಕಟ್ಟಿ ಆಚೆಯಿಂದ ಎಳೆಯಿರಿ. ಹಳೆಯದು ಬರುತ್ತಾ ಹೊಸದನ್ನು ತರುತ್ತದೆ. ಕ್ಯಾಟ್ 5ಇ ಆದರೂ ನಡೆಯುತ್ತದೆ, 100 ಮೀಟರ್‌ವರೆಗೆ 1000ಕ್ಕೆ ಅದೇ ಸಾಕು. ಬೆಲೆಯಲ್ಲಿ ದೊಡ್ಡ ಅಂತರವಿಲ್ಲವಾದ್ದರಿಂದ 6 ಹಾಕಿ.

ಅಡಿಕೆ ಸೋಗೆ | 6.12

ಕಾಫಿಯ ಗತಿ ಏನು?

ನೀರ್ಚಾಲಿನವ | ಮರುದಿನ ರಾತ್ರಿ 8.30

ಕೇಬಲ್ ಹೊಸದು. ಅಟ್ಟದ ತಿರುವಿನಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿತು, ತೆಂಗಿನೆಣ್ಣೆ ಸವರಿ ಎಳೆದೆವು. ಪ್ಲಗ್ ಹಾಕಿದವನು ನಾನೇ, ಬಿಳಿ-ಕಿತ್ತಳೆ, ಕಿತ್ತಳೆ ಎಂದು ಜಪಿಸುತ್ತಾ. ಲಿಂಕ್ 1000, ಅಳತೆ 292.

ಕಾಫಿಗೆ ಬದಿಯಡ್ಕದಿಂದ ವಯರ್ ಇಲ್ಲದ ಬೆಲ್ ತಂದೆ. ಇಂಟರ್‌ನೆಟ್ ತಂತಿಗೆ ಬರಲೆಂದು ಬೆಲ್ ಗಾಳಿಗೆ ಹೋಯಿತು. ಅಪ್ಪ ಇನ್ನೂ ಮಾತಾಡುತ್ತಿಲ್ಲ.

ಹಳೆಯ ಲೈನ್‌ಮನ್ | 8.37

ಕೇಬಲಿಗೆ ಎಣ್ಣೆ ಬೇಡ, ಮುಂದಿನ ಸಲ ಸಾಬೂನು ನೀರು. ಎಣ್ಣೆಗೆ ಇರುವೆ, ಇಲಿ ಎರಡೂ ಬರುತ್ತವೆ.

ಮುಳ್ಳೇರಿಯ ಮಾಷ್ಟ್ರು | 8.45

ನನ್ನದನ್ನೂ ಬಿಚ್ಚಿದೆ. ಸಾಲಾಗಿಯೇ ಹಾಕಿದ್ದೆ. ಮತ್ತೆ ಹಾಕಿದ ಮೇಲೆ 41ರಿಂದ 94ಕ್ಕೆ ಏರಿತು. ನನ್ನ ಪ್ಲ್ಯಾನ್ 100ರದ್ದೇ, ಆದ್ದರಿಂದ ಯಾರೂ ನನ್ನ 94ಕ್ಕೆ ರೋಗ ಹುಡುಕಬೇಡಿ.

ನೀರ್ಚಾಲಿನವ | ಬುಧವಾರ ಮಧ್ಯಾಹ್ನ 3.50

ಒಂದು ಉಪಕಥೆ. ಇವತ್ತು ಮೂರು ಗಂಟೆಗೆ ಕೊಟ್ಟಿಗೆಯ ಬೆಲ್ ಬಡಿಯಿತು. ಅಪ್ಪ, ಆರು ಮಂದಿ ಕೆಲಸದವರು ಕೈ ತೊಳೆದು ಜಗಲಿಗೆ ಬಂದು ಕುಳಿತರು. ಅಮ್ಮ ಒಲೆಯನ್ನೇ ಹೊತ್ತಿಸಿರಲಿಲ್ಲ. ವಿಚಾರಿಸಿದರೆ ತೋಟದಾಚೆಯ ಮನೆಯವರೂ ಅದೇ ಅಂಗಡಿಯಿಂದ ಅದೇ ಬೆಲ್ ತಂದಿದ್ದಾರೆ. ಅವರ ಮನೆಗೆ ಮೀನಿನವನು ಬಂದಿದ್ದ.

"ವಯರಿನ ಬೆಲ್ ಆರು ವರ್ಷದಲ್ಲಿ ಒಂದು ದಿನ ಹೀಗೆ ಮಾಡಲಿಲ್ಲ" ಎಂದರು ಅಪ್ಪ. ಮೂರು ದಿನದ ಮೇಲೆ ಆಡಿದ ಮೊದಲ ಮಾತು.

ವರ್ಕಾಡಿ ಹುಡುಗ | 3.58

ಬೆಲ್ ಡಬ್ಬಿಯ ಹಿಂಬದಿಯಲ್ಲಿ ಚಿಕ್ಕ ಗುಂಡಿಯೊಂದು ಇರುತ್ತದೆ. ಅದನ್ನು ಒತ್ತಿ ಹಿಡಿದು, ದೀಪ ಮಿನುಗಿದಾಗ ಅಡುಗೆಮನೆಯ ಸ್ವಿಚ್ ಒತ್ತಿದರೆ ಹೊಸ ಗುರುತು ಹಿಡಿಯುತ್ತದೆ. ಬೆಲ್‌ನ ಜೊತೆ ಬಂದ ಚೀಟಿಯನ್ನು ಒಮ್ಮೆ ನೋಡಿ.

ನೀರ್ಚಾಲಿನವ | 4.20

ಚೀಟಿಯಲ್ಲಿ ಅಪ್ಪ ಅಡಿಕೆಯ ಲೆಕ್ಕ ಬರೆದಿದ್ದಾರೆ. ಗುಂಡಿ ಸಿಕ್ಕಿತು, ನೋಡುತ್ತೇನೆ.